ಎರಡನೇ ದರ್ಜೆಯ ಎಚ್ಚರ

ಮಾರ್ಚ್ ೪, ಸೋಮವಾರ

ಪ್ರಯಾಣ ಸಲಹಾ ವಿಭಾಗದಲ್ಲಿ ಮೊದಲ ದಿನ. ಬರೆದು ಹೊರಹಾಕದಿದ್ದರೆ ನಿದ್ದೆ ಬರುವುದಿಲ್ಲ.

ವಿದೇಶಾಂಗ ಖಾತೆಯ ಮೂರನೇ ಮಹಡಿ. ಉದ್ದನೆಯ ಕೋಣೆ, ಎಂಟು ಮೇಜು, ಒದ್ದೆ ಕಂಬಳಿಯಂತೆ ನಾರುವ ನೆಲಹಾಸು. ಕಾಗದ ಹಾರುತ್ತದೆಂದು ಕಿಟಕಿ ತೆರೆಯುವುದಿಲ್ಲವಂತೆ. ನಮ್ಮ ಜನ ಹೊರದೇಶಕ್ಕೆ ಹೊರಡುವ ಮುಂಚೆ ಏನು ತಿಳಿದಿರಬೇಕು ಎಂದು ದೇಶಕ್ಕೊಂದು ಪುಟ ಬರೆದು ಪ್ರಕಟಿಸುವುದು ಇಲ್ಲಿಯ ಕೆಲಸ. ಪುಟದ ನೆತ್ತಿಯಲ್ಲಿ ಒಂದು ಅಂಕಿ. ಒಂದು ಎಂದರೆ ಸಾಮಾನ್ಯ ಎಚ್ಚರ. ಎರಡು ಎಂದರೆ ಹೆಚ್ಚಿನ ಎಚ್ಚರ. ಮೂರು ಎಂದರೆ ಹೋಗಬೇಡಿ, ಅಲ್ಲಿದ್ದವರು ಹೊರಟು ಬನ್ನಿ. ನಾಲ್ಕು ಎಂದರೇನು ಎಂದು ಕೇಳಿದ್ದಕ್ಕೆ ಪಕ್ಕದ ಮೇಜಿನವನು, "ನಾಲ್ಕು ಹಾಕೋ ಹೊತ್ತಿಗೆ ಓದೋಕೆ ಅಲ್ಲಿ ಯಾರೂ ಇರಲ್ಲ," ಎಂದು ಹಲ್ಲು ಕಿರಿದ. ಎಂಟು ಮೇಜಿನಲ್ಲಿ ಐದು ಮೇಜು ನಕ್ಕವು.

ನನ್ನ ಅಕ್ಕ ಇರುವ ದೇಶವನ್ನು ಇವರು ಹೆಸರಿನಿಂದ ಕರೆಯುವುದಿಲ್ಲ. ಕಡತದ ಸಂಖ್ಯೆಯಿಂದ ಕರೆಯುತ್ತಾರೆ. ಹದಿನೇಳು. "ಹದಿನೇಳು ಈ ವಾರ ತಣ್ಣಗಿದೆ." "ಹದಿನೇಳಕ್ಕೆ ಚಹಾ ಹೇಳಿದ್ದೀರಾ?" ಕೋಟ್ಯಂತರ ಜನ, ನದಿಗಳು, ಹೆರಿಗೆಗಳು, ಹೆಣಗಳು, ಎಲ್ಲ ಸೇರಿ ಒಂದು ಹದಿನೇಳು! ಕೇಳಿ ಮೈ ಪರಚಿಕೊಳ್ಳುವಂತಾಯಿತು.

ಮುಖ್ಯಸ್ಥರಿಗೆ ನಾನು ಇಟ್ಟಿರುವ ಹೆಸರು ಅಲ್ಪವಿರಾಮ. ಬೆಳಗಿನಿಂದ ಸಂಜೆಯವರೆಗೆ ಒಂದೇ ಪುಟದಲ್ಲಿ ಒಂದು ಅಲ್ಪವಿರಾಮ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬೋಳುತಲೆಯ, ಮೆತ್ತನೆ ದನಿಯ ಮನುಷ್ಯ. ತುಪ್ಪದಲ್ಲಿ ಅದ್ದಿ ತೆಗೆದಂಥ ಮಾತು.

"ಈ ವಿಭಾಗವೇ ಬೇಕು ಅಂತ ಬರೆದುಕೊಟ್ರಂತೆ. ಯಾಕಮ್ಮ?"

"ನನ್ನ ಅಕ್ಕ ಅಲ್ಲಿ ನರ್ಸ್. ಉತ್ತರದ ಪಟ್ಟಣದ ಆಸ್ಪತ್ರೇಲಿ. ಅಲ್ಲಿ ಪರಿಸ್ಥಿತಿ ಕೆಟ್ಟಿದೆ. ಪುಟದಲ್ಲಿ ಅದು ಇಲ್ಲ."

"ಹಾಂ," ಎಂದರು, ಮಳೆ ಬರಬಹುದು ಎಂದರೆ ಹೇಳುವಷ್ಟು ಮೆತ್ತಗೆ.

ಬಸ್ಸಿನಲ್ಲಿ ಬರುವಾಗ, ಕಾಲೇಜಿನ ದಿನಗಳಿಂದ ಚೀಲದಲ್ಲೇ ಇರುವ ಕೆಂಪು ಹೊದಿಕೆಯ ಬಂಡಾಯದ ಪುಸ್ತಿಕೆಯನ್ನು ಮತ್ತೆ ಓದಿದೆ. ಮೌನವಾಗಿರುವ ಗುಮಾಸ್ತನೇ ಕ್ರೌರ್ಯದ ಮೊದಲ ಸಿಪಾಯಿ ಎಂದಿದೆ ಅದರಲ್ಲಿ. ಕೆಳಗೆ ಎರಡು ಗೆರೆ ಎಳೆದೆ. ಬಸ್ಸು ಹಾರಿ ಒಂದು ಗೆರೆ ಪುಟದಾಚೆ ಹೋಯಿತು.

ಮಾರ್ಚ್ ೭, ಗುರುವಾರ

ಇಂದು ನೋಡಿದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಪ್ರತಿ ಗುರುವಾರ ಹನ್ನೊಂದಕ್ಕೆ ಆ ದೇಶದ ದೂತಾವಾಸದಿಂದ ಒಬ್ಬ ಕಾರ್ಯದರ್ಶಿ ಬರುತ್ತಾನೆ. ಅವನಿಗೆ ಚಹಾ, ಬಿಸ್ಕತ್ತು. ಆಮೇಲೆ ಅವನ ದೇಶದ ಬಗ್ಗೆ ನಾವು ಬರೆದ ಪುಟವನ್ನು, ಪ್ರಕಟಿಸುವ ಮುಂಚೆ, ಅವನ ಕೈಗೇ ಕೊಡುತ್ತಾರೆ! ಇದಕ್ಕೆ ಸೌಜನ್ಯದ ಓದು ಎಂದು ಹೆಸರು. ಅವನು ಜೇಬಿನಿಂದ ಪೆನ್ಸಿಲ್ ತೆಗೆಯುತ್ತಾನೆ. ಕಳ್ಳನ ಮನೆಗೆ ಹೋಗಿ, ನಿಮ್ಮ ಮೇಲಿನ ದೂರು ಸರಿಯಾಗಿದೆಯೇ ನೋಡಿಕೊಡಿ ಎಂದು ಕೇಳಿದ ಹಾಗೆ.

ಅವನು ಬಂದು ಹೋದ ಒಂದು ಗಂಟೆಯವರೆಗೂ ಕೋಣೆ ತುಂಬ ಅತ್ತರಿನ ವಾಸನೆ. ಸುಗಂಧರಾಜ ಎಂದು ಹೆಸರಿಟ್ಟೆ. ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಆಡುತ್ತಾನೆ.

"'ಶಸ್ತ್ರಧಾರಿಗಳು' ಅಂದ್ರೆ ಸ್ವಲ್ಪ ಗಡಸಾಯ್ತು ಅಲ್ವಾ? 'ಸ್ಥಳೀಯ ಗುಂಪುಗಳು' ಅನ್ನಬಹುದೇನೋ."

"ಅನ್ನಬಹುದು, ಅನ್ನಬಹುದು," ಎಂದರು ಅಲ್ಪವಿರಾಮ.

ನನ್ನ ಕಡೆಗೂ ಬಿಸ್ಕತ್ತಿನ ತಟ್ಟೆ ಬಂತು. ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದು ಅವನು ಗಮನಿಸಿದ. ಗಮನಿಸಲಿ.

ಮಾರ್ಚ್ ೧೦, ಭಾನುವಾರ

ಅಕ್ಕನ ಫೋನು. ಭಾನುವಾರ ಮಧ್ಯಾಹ್ನ ಮಾತ್ರ ಅವಳಿಗೆ ಲೈನು ಸಿಗುತ್ತದೆ. ಅಮ್ಮ ಸಮವಸ್ತ್ರದ ಅಂಚು ಹೊಲಿಯುವುದನ್ನು ನಿಲ್ಲಿಸಿ ಯಂತ್ರದ ಮೇಲೆ ಕೈ ಇಟ್ಟು ಕೂತಳು, ಅದು ತಾನಾಗಿ ಓಡಿಹೋಗುತ್ತದೆ ಎನ್ನುವಂತೆ.

ಬಂದೂಕಿನವರು ಈಗ ಆಸ್ಪತ್ರೆಯೊಳಗೇ ಮಲಗುತ್ತಾರಂತೆ. ಹೆರಿಗೆ ವಾರ್ಡಿನ ಹೊರಗೆ ಬೂಟು ಬಿಚ್ಚಿಟ್ಟು. ನಮ್ಮ ದೇಶದ ಹನ್ನೆರಡು ನರ್ಸುಗಳಿದ್ದಾರೆ ಅಲ್ಲಿ. ಎಲ್ಲರ ಪಾಸ್‌ಪೋರ್ಟೂ ಆಡಳಿತಾಧಿಕಾರಿಯ ಕಬ್ಬಿಣದ ಬೀರುವಿನಲ್ಲಿ. ಒಪ್ಪಂದದಲ್ಲಿ ಬರೆದಿದೆ: ಅವಧಿಗೆ ಮುಂಚೆ ಬಿಡುವಂತಿಲ್ಲ, ತಾಯ್ನಾಡಿನ ಸರ್ಕಾರ ಮೂರನೇ ದರ್ಜೆ ಘೋಷಿಸಿದರೆ ಮಾತ್ರ ಬಿಡಬಹುದು.

"ಹೇಳೇ, ಎರಡೋ ಮೂರೋ?" ಎಂದಳು.

"ಎರಡು. ಸದ್ಯಕ್ಕೆ."

"ಬೇಗ ಮೂರು ಮಾಡೇ ಮಾರಾಯ್ತಿ. ಇಲ್ಲಿ ಎಲ್ಲರೂ ನಿನ್ನ ಹೆಸರು ಜಪ ಮಾಡ್ತಿದಾರೆ. ನಿಮ್ಮ ತಂಗಿ, ನಿಮ್ಮ ತಂಗಿ ಅಂತ. ನಾನಿಲ್ಲಿ ದೊಡ್ಡ ಮನುಷ್ಯಳಾಗಿಬಿಟ್ಟಿದೀನಿ."

ನಕ್ಕಳು. ನಗುವಾಗ ಕೆಮ್ಮು.

"ಮಾಡ್ತೀನಿ," ಎಂದೆ. "ಆಣೆ."

ಫೋನಿಟ್ಟ ಮೇಲೆ ಅಮ್ಮ ಕೇಳಿದಳು: "ಒಂದು ಅಂಕಿ ತಾನೆ? ಎರಡು ಅಳಿಸಿ ಮೂರು ಬರೆಯೋಕೆ ಎಷ್ಟು ಹೊತ್ತು?"

ಮಾರ್ಚ್ ೧೩, ಬುಧವಾರ

ಹಿಡಿದೆ! ಇಡೀ ಖಾತೆಯ ಜುಟ್ಟು ನನ್ನ ಕೈಯಲ್ಲಿದೆ.

ಅಂಕಿ ಬದಲಾಯಿಸಬೇಕಾದರೆ ಅಲ್ಲಿರುವ ನಮ್ಮ ರಾಯಭಾರ ಕಚೇರಿಯ ವಾರದ ವರದಿಯೇ ಆಧಾರವಂತೆ. ಸರಿ, ವರದಿ ತೋರಿಸಿ ಎಂದೆ. ಎರಡು ವರ್ಷದ ಕಟ್ಟು ತಂದು ಮೇಜಿನ ಮೇಲೆ ಹಾಕಿದರು. ಧೂಳಿಗೆ ಸೀನಿ ಸೀನಿ ಓದಿದೆ. ಓದುತ್ತಾ ಓದುತ್ತಾ ಈ ವಾಕ್ಯವನ್ನು ಎಲ್ಲೋ ಕಂಡಿದ್ದೇನಲ್ಲ ಎನಿಸಿತು. "ಉತ್ತರ ಭಾಗದಲ್ಲಿ ಪರಿಸ್ಥಿತಿ ಒಟ್ಟಾರೆ ಸ್ಥಿರವಾಗಿದ್ದು." ನಮ್ಮದೇ ಪುಟ! ಹೋದ ತಿಂಗಳ ನಮ್ಮ ಪುಟವನ್ನು ಸಾಲು ಹಿಂದುಮುಂದು ಮಾಡಿ ವರದಿಯೆಂದು ಕಳಿಸಿದ್ದಾರೆ. ನಾವು ಆ ವರದಿಯನ್ನು ಆಧಾರವೆಂದು ತೋರಿಸಿ ಮುಂದಿನ ಪುಟ ಬರೆದಿದ್ದೇವೆ. ಅವರು ಆ ಪುಟ ನೋಡಿ ಮುಂದಿನ ವರದಿ. ಹದಿನಾಲ್ಕು ತಿಂಗಳಿಂದ ಹೀಗೇ. ಹದಿನಾಲ್ಕು ತಿಂಗಳಿಂದ ಉತ್ತರ ಭಾಗವನ್ನು ಒಬ್ಬನೇ ಒಬ್ಬನೂ ಕಣ್ಣಿಂದ ನೋಡಿಲ್ಲ. ರಾಯಭಾರ ಕಚೇರಿಯವರು ಕಾಂಪೌಂಡಿನ ಗೇಟು ದಾಟುವುದಿಲ್ಲವಂತೆ. ಯಾಕೆ? ನಮ್ಮ ಪುಟದಲ್ಲಿ ಹೆಚ್ಚಿನ ಎಚ್ಚರ ಎಂದಿದೆಯಲ್ಲ!

ಒಬ್ಬರ ವಾಂತಿ ಇನ್ನೊಬ್ಬರ ಊಟ.

ಸಾಲಿಗೆ ಸಾಲು ಹೊಂದಿಸಿ ಆರು ಪುಟದ ಟಿಪ್ಪಣಿ ಮಾಡಿದೆ. ನಾಳೆ ಅಲ್ಪವಿರಾಮದ ಮುಖಕ್ಕೆ ಎಸೆಯುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ.

ಮಾರ್ಚ್ ೧೫, ಶುಕ್ರವಾರ

ತೆಗೆಯಲಿಲ್ಲ.

ಆರು ಪುಟವನ್ನೂ ನನ್ನೆದುರೇ ಓದಿದರು. ಎರಡು ಕಡೆ ಅಲ್ಪವಿರಾಮ ಹಾಕಿದರು. ಕನ್ನಡಕ ತೆಗೆದು, "ಒಳ್ಳೆ ಕಣ್ಣು ಕಣಮ್ಮ ನಿಮ್ದು," ಎಂದರು. "ನಾನು ಬಂದಾಗ ನನಗೂ ಗೊತ್ತಾಗಿತ್ತು. ನಾಲ್ಕು ತಿಂಗಳು ಬೇಕಾಯ್ತು. ನಿಮಗೆ ಒಂಬತ್ತೇ ದಿನ."

"ಗೊತ್ತಿದ್ದೂ?"

"ಗೊತ್ತಿದ್ದೂ. ಸರಿ ಮಾಡೋರು ಬೇಕಲ್ಲ. ಈ ಪುಟ ಇನ್ಮೇಲೆ ನೀವೇ ಬರೀರಿ."

ಜಗಳಕ್ಕೆಂದು ಸೊಂಟ ಕಟ್ಟಿಕೊಂಡು ಹೋದವಳ ಕೈಗೆ ಕೀಲಿಕೈ ಕೊಟ್ಟರೆ ಏನು ಮಾಡುವುದು? ಇದರಲ್ಲೂ ಏನೋ ಕುತಂತ್ರವಿದೆ. ಇರಲಿ. ಪೆನ್ನು ಈಗ ನನ್ನದು. ಪುಟದ ಕೊನೆಗೆ ಸಣ್ಣಕ್ಷರದಲ್ಲಿ ಕರಡು ತಯಾರಿಸಿದವರ ಸಂಕೇತಾಕ್ಷರ ಇರುತ್ತದಂತೆ.

ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಸೋಮವಾರಾನೇ ಮೂರು ಮಾಡಿಬಿಡು," ಎಂದು ಅಕ್ಕನ ಹಾಸಿಗೆಯ ಹೊದಿಕೆ ಒಗೆಯಲು ಹಾಕಿದಳು.

ಮಾರ್ಚ್ ೨೧, ಗುರುವಾರ

ನನ್ನ ಮೊದಲ ಸೌಜನ್ಯದ ಓದು. ಸುಗಂಧರಾಜ ಬಂದ. ನನ್ನ ಕರಡಿನಲ್ಲಿ ಮೂರನೇ ದರ್ಜೆ ಎಂದು ದಪ್ಪಗೆ ಬರೆದಿದ್ದೆ. ನೋಡಿ ಅವನು ಸಿಟ್ಟಾಗಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಿಕೆಯ ಕೆಂಪು ಹೊದಿಕೆ ನೋಡಿ ನಕ್ಕ.

"ಇದನ್ನ ನಾನೂ ಓದಿದ್ದೆ, ನಿಮ್ಮ ವಯಸ್ಸಲ್ಲಿ. ನಮ್ಮಲ್ಲಿ ನೀಲಿ ಹೊದಿಕೆ. ಇದಕ್ಕೇ ಹದಿನೆಂಟು ದಿನ ಒಳಗೆ ಹಾಕಿದ್ರು ನನ್ನನ್ನ."

ಸುಳ್ಳಿರಬಹುದು. ಆದರೆ ನಲವತ್ತನೇ ಪುಟದಲ್ಲಿ ಏನಿದೆ ಎಂದು ಹೇಳಿದ. ಸರಿಯಾಗಿತ್ತು. ನನ್ನ ಪುಸ್ತಿಕೆಯ ಮೇಲೆ ಅವನು ಉಗುಳಿದಂತೆ ಎನಿಸಿತು.

ಆಮೇಲೆ ವ್ಯಾಪಾರ. ಎರಡು ವರ್ಷದ ಹಿಂದೆ ನಾವು ಅವರಿಗೆ ಮೂರು ಹಾಕಿದ್ದೆವಂತೆ. ಮೂರೇ ಗಂಟೆಯಲ್ಲಿ ಅವರೂ ನಮಗೆ ಮೂರು ಹಾಕಿದರಂತೆ. ಕಾರಣ? ನಮ್ಮ ಬೀದಿನಾಯಿಗಳು! "ನಾಯಿ ಕಚ್ಚಿದ್ದು ನಿಜ," ಎಂದ ಸುಗಂಧರಾಜ, "ನನ್ನನ್ನೇ ಕಚ್ಚಿತ್ತು." ಪ್ಯಾಂಟು ಎತ್ತಿ ತೋರಿಸುವುದೊಂದು ಬಾಕಿ. ಅದರಿಂದ ಇಲ್ಲಿ ಓದುತ್ತಿದ್ದ ಅವರ ವಿದ್ಯಾರ್ಥಿಗಳು ಅರ್ಧ ವರ್ಷಕ್ಕೇ ವಾಪಸು ಹೋಗಬೇಕಾಯಿತಂತೆ. ಈಗ ಏಪ್ರಿಲ್ ೨೫ಕ್ಕೆ ನಮ್ಮ ಮಂತ್ರಿಗಳು ಅಲ್ಲಿಗೆ ಹೋಗುವವರಿದ್ದಾರೆ, ನೇರ ವಿಮಾನಕ್ಕೆ ಸಹಿ ಹಾಕಲು. ಮಂತ್ರಿಗಳು ಇಳಿಯುವ ದೇಶಕ್ಕೆ 'ಹೋಗಬೇಡಿ' ಎಂದು ಬರೆಯುವುದು ಹೇಗೆ ಎಂದು ಅಲ್ಪವಿರಾಮ ಕೇಳಿದರು. ಸಹಿಯಾಗುವವರೆಗೆ ಮಾತ್ರ, ಎಂದರು.

ಒಂದೂವರೆ ಗಂಟೆ ಕಾದಾಡಿದೆ. ಕೊನೆಗೆ ಒಂದು ವಾಕ್ಯ ಗೆದ್ದೆ. "ಉತ್ತರದ ಹೆದ್ದಾರಿಯಲ್ಲಿ ಸೂರ್ಯಾಸ್ತದ ನಂತರ ಪ್ರಯಾಣಿಸುವವರು ಹೆಚ್ಚಿನ ಜಾಗರೂಕತೆ ವಹಿಸತಕ್ಕದ್ದು." ಸುಗಂಧರಾಜ 'ವಹಿಸತಕ್ಕದ್ದು' ಬೇಡ, 'ವಹಿಸುವುದು ಒಳಿತು' ಸಾಕು ಎಂದ. ನಾನು ಬಿಡಲಿಲ್ಲ. ಬೆವರಿದ.

ಹದಿನಾಲ್ಕು ತಿಂಗಳಲ್ಲಿ ಆ ಪುಟಕ್ಕೆ ಸೇರಿದ ಮೊದಲ ನಿಜವಾದ ವಾಕ್ಯ. ನನ್ನದು.

ಮಾರ್ಚ್ ೨೪, ಭಾನುವಾರ

ಅಕ್ಕನಿಗೆ ವಾಕ್ಯವನ್ನು ಓದಿ ಹೇಳಿದೆ.

"ಚೆನ್ನಾಗಿದೆ," ಎಂದಳು. "ಅಂಕಿ?"

"ಅಂಕಿ ಎರಡೇ. ಆದ್ರೆ ಹೆದ್ದಾರಿ ಬಗ್ಗೆ ಬಂತಲ್ಲ, ಅದು ದೊಡ್ಡ ವಿಷಯ ಅಕ್ಕ. ನಿನಗೆ ಗೊತ್ತಾಗಲ್ಲ."

"ನಿನ್ನ ವಾಕ್ಯ ತಗೊಂಡು ಹೋಗಿ ಬೀರು ಮುಂದೆ ಓದ್ಲಾ? ಬೀಗ ತೆರೆದುಕೊಳ್ಳುತ್ತಾ?"

ಕೋಪ ಬಂತು. ಒಂದೂವರೆ ಗಂಟೆ ಕಾದಾಡಿದ್ದು ಇವಳಿಗಾಗಿ.

ಏಪ್ರಿಲ್ ೩, ಬುಧವಾರ

ಬರೆಯಲು ಪುರಸೊತ್ತಿಲ್ಲ. ಹದಿನೇಳರ ಜೊತೆ ಒಂಬತ್ತು, ಇಪ್ಪತ್ತೆರಡು ಕೂಡ ನನಗೇ ಬಂದಿವೆ. ಪಕ್ಕದ ಮೇಜಿನವನ ಕರಡು ನೋಡಿದೆ. ಥೂ. ಕ್ರಿಯಾಪದ ಒಂದು ಕಡೆ, ಕರ್ತೃ ಇನ್ನೊಂದು ಕಡೆ. ಇಂಥವರಿಂದಲೇ ಖಾತೆಗೆ ಕೆಟ್ಟ ಹೆಸರು.

ಬಸ್ಸಿನಲ್ಲಿ ಪುಸ್ತಿಕೆ ತೆರೆದೆ. ಅಚ್ಚು ಎಷ್ಟು ಕಳಪೆ! ಒಂದೇ ಪುಟದಲ್ಲಿ ನಾಲ್ಕು ತಪ್ಪು, ಒಂದು ಹೇಳಿಕೆಗೂ ಮೂಲವಿಲ್ಲ. ತಲೆ ನೋವು ಬಂದು ಮುಚ್ಚಿಟ್ಟೆ.

ಏಪ್ರಿಲ್ ೭, ಭಾನುವಾರ

ಅಕ್ಕನ ದನಿ ಬೇರೆಯಾಗಿತ್ತು. ಪಿಸುಗುಟ್ಟುತ್ತಿದ್ದಳು.

ಶುಕ್ರವಾರ ನಮ್ಮ ಇಬ್ಬರು ನರ್ಸುಗಳು ಔಷಧಿ ತರಲು ಆಂಬುಲೆನ್ಸಿನಲ್ಲಿ ಹೋಗಿದ್ದರು. ಹೆದ್ದಾರಿಯ ಚೆಕ್‌ಪೋಸ್ಟಿನಲ್ಲಿ ಬಂದೂಕಿನವರು ಇಳಿಸಿ ಹೊಡೆದಿದ್ದಾರೆ. ಒಬ್ಬಳ ಕೈ ಮುರಿದಿದೆ. ಚಾಲಕನನ್ನು ಕರೆದುಕೊಂಡು ಹೋದರು, ಅವನು ಬಂದಿಲ್ಲ. ಮಧ್ಯಾಹ್ನ ಎರಡು ಗಂಟೆ. ಸೂರ್ಯಾಸ್ತದ ನಂತರ ಅಲ್ಲ.

"ಅವಳ ಕೈಗೆ ನಾನೇ ಪಟ್ಟಿ ಕಟ್ಟಿದೆ. ಇನ್ನು ಕಾಯೋಕಾಗಲ್ಲ ಕಣೇ. ನಿನ್ನ ಮೂರು ಯಾವಾಗ ಬರುತ್ತೆ, ಸರಿಯಾಗಿ ಹೇಳು. ದಿನ ಹೇಳು."

"ಈ ಗುರುವಾರ."

"ಖಂಡಿತಾನಾ?"

"ಖಂಡಿತ."

ಅಮ್ಮ ಫೋನು ಕಸಿದುಕೊಂಡು ಅತ್ತಳು. ನಾನು ತಾರೀಖು, ಗಂಟೆ, ಸ್ಥಳ ಎಲ್ಲ ಚೀಟಿಯಲ್ಲಿ ಬರೆದುಕೊಂಡೆ.

ಏಪ್ರಿಲ್ ೮, ಸೋಮವಾರ

ಮುಖ್ಯಸ್ಥರಿಗೆ ಚೀಟಿ ತೋರಿಸಿದೆ. ನಿಜವಾಗಿಯೂ ನೊಂದುಕೊಂಡರು. ನೀರು ತರಿಸಿಕೊಟ್ಟರು.

"ಆದ್ರೆ ಸಂಬಂಧಿಕರ ಮಾತು ಮೂಲ ಆಗಲ್ಲ ಕಣಮ್ಮ. ನಾಳೆ ಯಾರೋ ಒಬ್ಬ ತನ್ನ ಭಾವಮೈದುನ ಹೇಳ್ದ ಅಂತ ಇನ್ನೊಂದು ದೇಶಕ್ಕೆ ನಾಲ್ಕು ಹಾಕ್ತಾನೆ. ಎರಡನೇ ಮೂಲ ಬೇಕು."

ಎರಡನೇ ಮೂಲವೆಂದರೆ ರಾಯಭಾರ ಕಚೇರಿ. ತುರ್ತು ಸಂದೇಶ ಕಳಿಸಿದೆ. ಸಂಜೆ ಉತ್ತರ ಬಂತು: "ತಮ್ಮ ಮಾರ್ಚ್ ೨೧ರ ಪುಟದಲ್ಲಿ ಉಲ್ಲೇಖಿಸಿರುವಂತೆ, ಹೆದ್ದಾರಿಯಲ್ಲಿ ಅಪಾಯವು ಸೂರ್ಯಾಸ್ತದ ನಂತರಕ್ಕೆ ಸೀಮಿತವಾಗಿದೆ."

ನನ್ನ ವಾಕ್ಯ. ನನ್ನ ವಾಕ್ಯವನ್ನೇ ನನಗೆ ಹಿಂದಿರುಗಿಸಿದ್ದಾರೆ, ಹಂದಿಗಳು.



ಏಪ್ರಿಲ್ ೧೦, ಬುಧವಾರ

ಮುಖ್ಯಸ್ಥರಿಗೆ ನಾಳೆ ಹಲ್ಲಿನ ಚಿಕಿತ್ಸೆ, ರಜೆ. ಪ್ರಕಟಿಸುವ ಅಧಿಕಾರವನ್ನು ನನಗೆ ಬರೆದುಕೊಟ್ಟು ಹೋಗಿದ್ದಾರೆ. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ವಿವೇಕಕ್ಕೆ ಬಿಟ್ಟಿದ್ದೀನಿ," ಎಂದರು. ವಿವೇಕ! ತಮ್ಮ ಕೈ ಕೊಳೆಯಾಗದಂತೆ ಜಾಣ ಎಷ್ಟು ದೂರ ನಿಂತ!

ಕರಡು ಸಿದ್ಧವಾಗಿದೆ. ನೆತ್ತಿಯ ಮೇಲೆ ಮೂರು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಏಪ್ರಿಲ್ ೧೧, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಮುಂದೆ ಗೊಂದಲ ಬೇಡ.

ಹನ್ನೊಂದಕ್ಕೆ ಸುಗಂಧರಾಜ ಬಂದ. ಬಿಸ್ಕತ್ತು ಮೆತ್ತಗಾಗಿತ್ತು, ಬೇರೆ ತರಿಸಿದೆ. ಕರಡು ಓದಿದ. ಪೆನ್ಸಿಲ್ ತೆಗೆಯಲಿಲ್ಲ.

"ಹಾಕಿ," ಎಂದ. "ಸಂಜೆಯೊಳಗೆ ನಮ್ಮವರೂ ಹಾಕ್ತಾರೆ. ಮಂತ್ರಿಗಳ ಭೇಟಿ ರದ್ದು. ವಿಮಾನ ಇಲ್ಲ. ಆಮೇಲೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ. ಅವರು ಮತ್ತೆ ಎರಡು ಹಾಕ್ತಾರೆ, ಜೊತೆಗೆ ಹೆದ್ದಾರಿ ವಾಕ್ಯಾನೂ ತೆಗೀತಾರೆ. ನನಗೆ ಬೇಜಾರು ಅದಕ್ಕೆ. ಆ ವಾಕ್ಯ ಚೆನ್ನಾಗಿದೆ."

ಅವನನ್ನು ಕಂಡರೆ ನನಗೆ ಅಸಹ್ಯ. ಆದರೆ ಅಸಹ್ಯ ಬೇರೆ, ಲೆಕ್ಕಾಚಾರ ಬೇರೆ. ಮೂರು ಹಾಕಿ ಎರಡು ದಿನದಲ್ಲಿ ಅದು ರದ್ದಾದರೆ ಆಸ್ಪತ್ರೆಯವರು ಬೀರುವಿನ ಬೀಗ ತೆಗೆಯುವ ಮಾತೇ ಇಲ್ಲ. ಇಪ್ಪತ್ತೈದಕ್ಕೆ ಸಹಿ. ಇಪ್ಪತ್ತಾರಕ್ಕೆ ಮೂರು ಹಾಕಿದರೆ ಅದು ನಿಲ್ಲುತ್ತದೆ. ಹದಿನೈದು ದಿನ. ಅಕ್ಕ ಗಟ್ಟಿಗಿತ್ತಿ.

ಬದಲಿಗೆ ಪುಟವನ್ನು ಎಲ್ಲಾ ರೀತಿಯಲ್ಲೂ ಬಲಪಡಿಸಿದೆ. "ಸೂರ್ಯಾಸ್ತದ ನಂತರ" ತೆಗೆದು "ಎಲ್ಲಾ ವೇಳೆಯಲ್ಲೂ" ಮಾಡಿದೆ. "ಬೆಳವಣಿಗೆಗಳನ್ನು ನಿಕಟವಾಗಿ ಗಮನಿಸಲಾಗುತ್ತಿದೆ" ಎಂದು ಸೇರಿಸಿದೆ. ಎರಡರ ಒಳಗೆ ಇದಕ್ಕಿಂತ ಬಲವಾದ ಪುಟ ಈ ಖಾತೆಯಲ್ಲಿ ಎಂದೂ ಬಂದಿಲ್ಲ ಎಂದು ಪಕ್ಕದ ಮೇಜಿನವನೇ ಹೇಳಿದ. ನಾಲ್ಕೂವರೆಗೆ ಪ್ರಕಟಿಸಿದೆ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ವಿವರಿಸಿದೆ. ಕೇಳಿಸಿಕೊಂಡು ಒಳಗೆ ಹೋಗಿ ಯಂತ್ರ ತುಳಿಯತೊಡಗಿದಳು. ಸೂಜಿಯಲ್ಲಿ ದಾರವಿರಲಿಲ್ಲ.

ಏಪ್ರಿಲ್ ೧೩, ಶನಿವಾರ

ಆಸ್ಪತ್ರೆಯಿಂದ ಸಹೋದ್ಯೋಗಿಯೊಬ್ಬಳು ಅಮ್ಮನಿಗೆ ಫೋನು ಮಾಡಿದ್ದಾಳೆ. ನಿನ್ನೆ ಬೆಳಿಗ್ಗೆ ನಮ್ಮ ಪುಟ ನೋಡಿದ ಅಕ್ಕ, ಮಾತಾಡದೆ ಸಮವಸ್ತ್ರ ಮಡಿಸಿಟ್ಟು ಹೊರಟುಹೋದಳಂತೆ. ಪಾಸ್‌ಪೋರ್ಟ್ ಇಲ್ಲದೆ. ಕೈ ಮುರಿದ ಆ ಹುಡುಗಿಯನ್ನೂ ಕರೆದುಕೊಂಡು. ತರಕಾರಿ ಲಾರಿಯೊಂದರಲ್ಲಿ ಗಡಿಯ ಕಡೆಗೆ.

ಎಂಥ ಬೇಜವಾಬ್ದಾರಿ! ಹೆದ್ದಾರಿ ಎಲ್ಲಾ ವೇಳೆಯಲ್ಲೂ ಅಪಾಯ ಎಂದು ಬರೆದದ್ದೇ ಯಾರಿಗಾಗಿ?

ಏಪ್ರಿಲ್ ೧೪, ಭಾನುವಾರ

ಫೋನು ಬರಲಿಲ್ಲ.

ಏಪ್ರಿಲ್ ೧೬, ಮಂಗಳವಾರ

ಬದುಕಿದ್ದಾಳೆ. ಇಬ್ಬರೂ. ಗಡಿ ದಾಟಿ ಪಕ್ಕದ ದೇಶದಲ್ಲಿರುವ ನಮ್ಮ ಕಚೇರಿ ತಲುಪಿದ್ದಾರೆ. ತುರ್ತು ಪ್ರಯಾಣಪತ್ರ ಕೊಡುತ್ತಾರಂತೆ.

ಸುದ್ದಿ ಬಂದಾಗ ನಾನು ಕಚೇರಿಯ ಶೌಚಾಲಯದಲ್ಲಿ ನಲ್ಲಿ ತಿರುಗಿಸಿ ಅತ್ತೆ. ಕನ್ನಡಿಯ ಮೇಲೆ ಯಾರದೋ ಟೂತ್‌ಪೇಸ್ಟಿನ ಕಲೆ. ಇಲ್ಲಿ ಯಾರಿಗೂ ಶುಚಿತ್ವದ ಗಂಧವೇ ಇಲ್ಲ.

ಮಧ್ಯಾಹ್ನ ಪತ್ರಿಕೆಯವರು ಕೇಳಿದರು: ಇಬ್ಬರು ನರ್ಸುಗಳು ಓಡಿ ಬಂದಿದ್ದಾರಂತೆ, ಖಾತೆ ಏನು ಹೇಳುತ್ತದೆ? ಉತ್ತರ ಬರೆಯುವುದು ಹದಿನೇಳರ ಮೇಜಿನ ಕೆಲಸ. ಮುಖ್ಯಸ್ಥರು, "ನಿಮಗೆ ಕಷ್ಟ ಆಗುತ್ತೆ, ಬೇರೆಯವರಿಗೆ ಕೊಡ್ಲಾ?" ಎಂದರು. ಬೇಡ ಎಂದೆ. ಬೇರೆಯವರು ಬರೆದರೆ ಹಾಳು ಮಾಡುತ್ತಾರೆ. "ಪ್ರಕಟಿತ ಸಲಹೆಯನ್ನು ಮೀರಿ ಪ್ರಯಾಣ ಕೈಗೊಳ್ಳುವವರು ಸ್ವಂತ ಹೊಣೆಯ ಮೇಲೆ ಹಾಗೆ ಮಾಡಿರುತ್ತಾರೆ." ಒಂದೇ ಸಾಲು. ಮುಖ್ಯಸ್ಥರು ಒಂದು ಚಿಹ್ನೆಯನ್ನೂ ಬದಲಾಯಿಸಲಿಲ್ಲ.

ಏಪ್ರಿಲ್ ೨೦, ಶನಿವಾರ

ಅಕ್ಕ ಬಂದಳು.

ಅಮ್ಮ ಅವಳನ್ನು ಬಿಡಲೇ ಇಲ್ಲ, ಬಾಗಿಲಿನಿಂದ ಅಡುಗೆಮನೆಯವರೆಗೆ ತಬ್ಬಿಕೊಂಡೇ ನಡೆದಳು. ನಾನೂ ತಬ್ಬಿಕೊಂಡೆ. ಲಾರಿಯ ಎಣ್ಣೆ, ಕೊಳೆತ ಸೊಪ್ಪು, ಬೆವರು. ಮೂರು ಸಲ ಸ್ನಾನ ಮಾಡಿದ ಮೇಲೂ ಹೋಗಿಲ್ಲ. ಕೂದಲಲ್ಲಿ ಹೇನು. ತಟ್ಟೆಯ ಮೇಲೆ ಬಾಗಿ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ ಉಂಡಳು. ನೋಡಲಾಗದೆ ಎದ್ದು ಹೋದೆ.

ಆಮೇಲೆ ನನ್ನ ಹಾಸಿಗೆಯ ತುದಿಗೆ ಬಂದು ಕೂತಳು.

"ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ನಾನು ಬಂದಾಯ್ತು, ನನ್ನ ಕಥೆ ಮುಗೀತು. ಇನ್ನೂ ಹತ್ತು ಜನ ಇದಾರೆ ಅಲ್ಲಿ. ಸೋಮವಾರ ಮೂರು ಮಾಡು. ಈಗ ನಾನಿದೀನಲ್ಲ, ಕಣ್ಣಾರೆ ನೋಡಿದೋಳು. ನಿಮ್ಮ ಆಫೀಸಿಗೆ ಬಂದು ಹೇಳ್ತೀನಿ. ಯಾರ ಮುಂದೆ ಬೇಕಾದ್ರೂ."

ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಕಷ್ಟವೆಂದರೆ, ಇಬ್ಬರೂ ಒಂದೇ ಲಾರಿಯಲ್ಲಿ ಬಂದವರು. ಅದನ್ನು ಎರಡು ಮೂಲ ಎಂದು ಪರಿಗಣಿಸಲಾಗದು. ಅವಳಿಗೆ ಇದನ್ನು ತಾಳ್ಮೆಯಿಂದ ತಿಳಿಸಿದೆ. ಇಪ್ಪತ್ತಾರರವರೆಗೆ ಕಾಯಬೇಕು ಎಂದೆ.

ನನ್ನನ್ನೇ ನೋಡಿದಳು. ವಾರ್ಡಿನಲ್ಲಿ ರೋಗಿಗಳನ್ನು ಹೀಗೇ ನೋಡುತ್ತಾಳೇನೋ.

"ಜ್ವರ ಇದೆಯೇನೇ ನಿನಗೆ?" ಎಂದು ಹಣೆ ಮುಟ್ಟಿದಳು. ಕೈ ಒರಟಾಗಿತ್ತು. ತಲೆ ಸರಿಸಿದೆ.

ಏಪ್ರಿಲ್ ೨೧, ಭಾನುವಾರ

ಬೆಳಿಗ್ಗೆ ಎಂಟರಿಂದ ಫೋನು ಅಕ್ಕನ ಕೈಯಲ್ಲಿ. ಉಳಿದ ಹತ್ತು ನರ್ಸುಗಳ ಮನೆಯ ಸಂಖ್ಯೆಗಳನ್ನು ಅಂಗಿಯ ಒಳಗೆ ಹೊಲಿದುಕೊಂಡು ತಂದಿದ್ದಾಳೆ. ಅಮ್ಮ ಹೊಲಿಗೆ ಬಿಚ್ಚಿ ಒಂದೊಂದೇ ಓದಿ ಹೇಳುತ್ತಾಳೆ, ಇವಳು ಒತ್ತುತ್ತಾಳೆ.

"ಅಮ್ಮಾ, ನಾನು ನಿಮ್ಮ ಮಗಳ ಜೊತೆ ಕೆಲಸ ಮಾಡ್ತಿದ್ದೋಳು. ಕೇಳಿ. ಕಾಯ್ಬೇಡ ಅನ್ನಿ. ಮೂರು ಬರಲ್ಲ. ಪಾಸ್‌ಪೋರ್ಟು ಹಾಳಾಗಿ ಹೋಗ್ಲಿ. ಸೇತುವೆ ಹತ್ರ ತರಕಾರಿ ಲಾರಿಯವನು ಬೆಳಿಗ್ಗೆ ಐದಕ್ಕೆ ಹೊರಡ್ತಾನೆ, ಒಳ್ಳೆಯವನು, ನನ್ನ ಹೆಸರು ಹೇಳ್ಲಿ. ಹೊರಟು ಬಾ ಅನ್ನಿ. ಹೂಂ. ಇವತ್ತೇ."

ಹತ್ತು ಮನೆಗೂ ಇದೇ. ಎಂಥ ಭಾಷೆ! ಒಂದು ಮೂಲವಿಲ್ಲ, ಒಂದು ಷರತ್ತಿಲ್ಲ, ಯಾರ ಹೊಣೆ ಎಂಬುದಿಲ್ಲ. 'ಒಳ್ಳೆಯವನು'! ಒಬ್ಬ ಲಾರಿ ಚಾಲಕನ ಬಗ್ಗೆ ಅಧಿಕೃತವಾಗಿ ಏನು ಗೊತ್ತಿದೆ ಇವಳಿಗೆ? ಹೀಗೆ ಮನೆಮನೆಗೆ ಗಾಬರಿ ಹಂಚುವುದಾದರೆ ಖಾತೆ ಯಾಕೆ, ನಾವು ಯಾಕೆ?

ಬಾಗಿಲು ಹಾಕಿಕೊಂಡೆ. ದನಿ ಗೋಡೆಯಾಚೆಯಿಂದಲೂ ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಹೋಗಿ ಅಮ್ಮ ಅವಳ ಪರವಾಗಿ ಮಾತಾಡುತ್ತಿದ್ದಳು.

ಏಪ್ರಿಲ್ ೨೨, ಸೋಮವಾರ

ಊಹಿಸಿದ್ದೇ ಆಯಿತು. ಒಂಬತ್ತೂವರೆಗೇ ಮೊದಲ ಕರೆ. ಬಸ್ ಕಂಡಕ್ಟರೊಬ್ಬರು, ನರ್ಸೊಬ್ಬಳ ತಂದೆ.

"ನಿನ್ನೆ ಯಾರೋ ಹೆಣ್ಮಗಳು ಫೋನ್ ಮಾಡಿದ್ರು ಮೇಡಂ. ಅಲ್ಲಿಂದ ಓಡಿ ಬಂದವರಂತೆ. ಮಗಳಿಗೆ ಲಾರಿ ಹತ್ತಿ ಬಾ ಅನ್ನಿ ಅಂತಾರೆ. ನಮಗೆ ನಿದ್ದೆ ಇಲ್ಲ. ನಮ್ಮೋಳು ಅಳ್ತಾ ಕೂತಿದಾಳೆ. ನಿಜವಾ ಅದು? ಸರ್ಕಾರ ಏನನ್ನುತ್ತೆ?"

ಪುಟ ತೆರೆದು ಓದಿದೆ. ಎರಡನೇ ದರ್ಜೆ. ಹೆಚ್ಚಿನ ಎಚ್ಚರ. ಹೆದ್ದಾರಿಯಲ್ಲಿ ಎಲ್ಲಾ ವೇಳೆಯಲ್ಲೂ ಜಾಗರೂಕತೆ. ಬೆಳವಣಿಗೆಗಳನ್ನು ನಿಕಟವಾಗಿ ಗಮನಿಸಲಾಗುತ್ತಿದೆ. ಅನಧಿಕೃತ ಮಾಹಿತಿಯನ್ನು ಖಾತೆ ದೃಢಪಡಿಸುವುದಿಲ್ಲ.

"ಅದೆಲ್ಲ ನನಗೆ ತಿಳಿಯಲ್ಲ ಮೇಡಂ. ಇರ್ಬೇಕಾ, ಬರ್ಬೇಕಾ? ನಿಮ್ಮ ಮನೆಯವರೇ ಅಲ್ಲಿದ್ದಿದ್ರೆ ಏನ್ ಮಾಡ್ತಿದ್ರಿ?"

"ವೈಯಕ್ತಿಕ ಅಭಿಪ್ರಾಯ ಕೊಡೋ ಹಾಗಿಲ್ಲ. ಸದ್ಯಕ್ಕೆ ಎರಡನೇ ದರ್ಜೆ ಇದೆ. ಹೊರಟು ಬನ್ನಿ ಅನ್ನೋದು ಮೂರರಲ್ಲಿ."

"ಅಂದ್ರೆ ಈಗ ಮೂರಿಲ್ಲ."

"ಈಗ ಎರಡು."

ದೊಡ್ಡದಾಗಿ ಉಸಿರು ಬಿಟ್ಟರು. ಫೋನಿನ ಬಾಯಿ ಮುಚ್ಚದೆಯೇ ಒಳಗೆ ಕೂಗಿದರು: "ಏ, ಏನೂ ಇಲ್ವಂತೆ ಕಣೇ! ಆಫೀಸಿನವರೇ ಹೇಳಿದ್ರು. ಲಾರಿ ಗೀರಿ ಏನೂ ಬೇಡ, ಅಲ್ಲೇ ಇರು ಅಂತ ಹೇಳು ಅವಳಿಗೆ!" ಆಮೇಲೆ ನನಗೆ: "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಮೇಡಂ. ಬಾಯಲ್ಲಿ ಅಮೃತ ಹಾಕಿದ್ರಿ."

ನಾನು ಹಾಗೆ ಹೇಳಿರಲಿಲ್ಲ. ಪುಟದಲ್ಲಿ ಹಾಗೆ ಎಲ್ಲಿಯೂ ಇಲ್ಲ. ಜನರಿಗೆ ಒಂದು ವಾಕ್ಯವನ್ನು ನೆಟ್ಟಗೆ ಕೇಳಿಸಿಕೊಳ್ಳಲೂ ಬರುವುದಿಲ್ಲ. ಆ ಕೃತಜ್ಞತೆ ಕಿವಿಯಲ್ಲಿ ಜಿಗುಟಾಗಿ ಅಂಟಿಕೊಂಡಿತ್ತು, ಥೂ.

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಮನೆಯವರು ಕೇಳಿದರು. ಎಲ್ಲರಿಗೂ ಅದೇ ಉತ್ತರ ಕೊಟ್ಟೆ. ಐದನೆಯವರಿಗೆ ಹೇಳುವಾಗ ಪುಟ ತೆರೆಯಬೇಕಾಗಲಿಲ್ಲ.